ಒಂದು ಡಿಸ್ಕ್, ಮೂರು ಮಾರಾಟ: ಬ್ರಿಟನ್ನಿನ ಗೇಮ್ ಅಂಗಡಿಗಳು ಮುಚ್ಚುತ್ತಿರುವುದು ಯಾಕೆ?

ಹದಿನೈದು ವರ್ಷದ ಹಿಂದೆ ಬ್ರಿಟನ್ನಿನ ಊರುಗಳಲ್ಲಿ ವಿಡಿಯೊ ಗೇಮ್ ಅಂಗಡಿಯನ್ನು ಹುಡುಕಬೇಕಾಗಿರಲಿಲ್ಲ. ಪೇಟೆ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಒಂದಾದರೂ ಎದುರಾಗುತ್ತಿತ್ತು. ಕೆಲವು ಕಡೆ ಒಂದೇ ಬೀದಿಯಲ್ಲಿ ಎರಡು ಇರುತ್ತಿದ್ದವು. ಆಮೇಲೆ ಒಂದೊಂದಾಗಿ ಬಾಗಿಲು ಎಳೆದವು. ಕೆಲವು ಊರಲ್ಲಿ ಆ ಬೋರ್ಡು ಕೊನೆಗೆ ಉಳಿದದ್ದು ಕ್ರೀಡಾ ಸಾಮಾನಿನ ದೊಡ್ಡ ಮಳಿಗೆಯೊಂದರ ಮೂಲೆಯಲ್ಲಿ, ನಾಲ್ಕೈದು ಕಪಾಟುಗಳ ಮೇಲೆ ಮಾತ್ರ.

‘ಆನ್‌ಲೈನ್ ಬಂತು, ಅಂಗಡಿ ಹೋಯಿತು’ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವುದು ಸುಲಭ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಪುಸ್ತಕವೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಲ್ವಾ? ಆದರೂ ಅದೇ ಬೀದಿಗಳಲ್ಲಿ ಪುಸ್ತಕದ ಅಂಗಡಿಗಳು ಉಳಿದುಕೊಂಡಿವೆ. ಗೇಮ್ ಅಂಗಡಿಗೇ ಇಷ್ಟು ಜೋರು ಪೆಟ್ಟು ಯಾಕೆ ಬಿತ್ತು ಅನ್ನುವುದು ತಿಳಿಯಬೇಕಾದರೆ, ಅದು ಏನು ಮಾರಿ ಬದುಕುತ್ತಿತ್ತು ಅಂತ ನೋಡಬೇಕು. ಹೊರಗಿನಿಂದ ಕಾಣುತ್ತಿದ್ದ ವ್ಯಾಪಾರ ಒಂದು, ಹೊಟ್ಟೆ ತುಂಬಿಸುತ್ತಿದ್ದ ವ್ಯಾಪಾರ ಇನ್ನೊಂದು.

ಮೊದಲು ಒಂದೆರಡು ಪದ

ಬ್ರಿಟನ್ನಿನಲ್ಲಿ ಊರಿನ ಮುಖ್ಯ ಅಂಗಡಿ ಬೀದಿಗೆ ‘ಹೈ ಸ್ಟ್ರೀಟ್’ ಅನ್ನುತ್ತಾರೆ. ಎಷ್ಟೋ ಊರುಗಳಲ್ಲಿ ಅದು ಆ ಬೀದಿಯ ನಿಜವಾದ ಹೆಸರೇ. ಕ್ರಮೇಣ ಅದು ಒಂದು ಬಗೆಯ ವ್ಯಾಪಾರಕ್ಕೇ ಹೆಸರಾಯಿತು: ನಡೆದುಕೊಂಡು ಹೋಗಿ, ಬಾಗಿಲು ತಳ್ಳಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ವ್ಯಾಪಾರ.

‘ಕನ್ಸೋಲ್’ ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಇವೆಲ್ಲ ಕನ್ಸೋಲ್‌ಗಳು. ಆಟ ಒಂದು ಡಿಸ್ಕಿನಲ್ಲೋ ಚಿಕ್ಕ ಕಾರ್ಡಿನಲ್ಲೋ ಬರುತ್ತಿತ್ತು. ಆಟವನ್ನು ಹೊರತರುವ ಕಂಪನಿ ‘ಪಬ್ಲಿಷರ್’.

ಈ ಕಥೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಅಂಗಡಿ ಸರಣಿಯ ಹೆಸರೇ ‘ಗೇಮ್’. ಗೊಂದಲ ಆಗದಿರಲಿ ಅಂತ ಆ ಕಂಪನಿಯ ಹೆಸರನ್ನು ಕೊಟೇಷನ್ ಒಳಗೆ ಇಟ್ಟಿದ್ದೇನೆ. ಆಡುವ ವಸ್ತುವನ್ನು ಸುಮ್ನೆ ‘ಆಟ’ ಅಂತ ಕರೆಯುತ್ತೇನೆ.

1990ರ ದಶಕದಲ್ಲಿ ಇಂಥ ಅಂಗಡಿಗಳು ಬೇರೂರಿದವು. 1993ರಲ್ಲಿ ಯಾರ್ಕ್ ನಗರದಲ್ಲಿ ಗೇಮ್‌ಸ್ಟೇಷನ್ ಅನ್ನುವ ಸರಣಿ ಶುರುವಾಯಿತು. 1999ರಲ್ಲಿ ಎಲೆಕ್ಟ್ರಾನಿಕ್ಸ್ ಬೂಟೀಕ್ ಅನ್ನುವ ಇನ್ನೊಂದು ಗೇಮ್ ಅಂಗಡಿ ಸರಣಿಯ ಬ್ರಿಟನ್ ಕಂಪನಿ ‘ಗೇಮ್’ ಅನ್ನು ಕೊಂಡಿತು, ಆಮೇಲೆ ಆ ಹೆಸರನ್ನೇ ತಾನೂ ಇಟ್ಟುಕೊಂಡಿತು. 2007ರಲ್ಲಿ 74 ಮಿಲಿಯನ್ ಪೌಂಡ್ ಕೊಟ್ಟು ಗೇಮ್‌ಸ್ಟೇಷನ್ ಅನ್ನೂ ಕೊಂಡಿತು. ಒಂದೇ ಬೀದಿಯಲ್ಲಿ ಎರಡು ಅಂಗಡಿ ಇದ್ದವು ಅಂದೆನಲ್ಲ, ಬಹಳ ಕಡೆ ಆ ಎರಡೂ ಒಂದೇ ಕಂಪನಿಯವಾಗಿದ್ದವು. ಎರಡಕ್ಕೂ ಬೇರೆ ಬೇರೆ ಬಾಡಿಗೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹೊಸ ಆಟ ಮಾರಿದರೆ ಉಳಿಯುತ್ತಿದ್ದದ್ದು ಎಷ್ಟು?

ಹೊಸ ಆಟದ ಬೆಲೆ 40 ಪೌಂಡ್ ಅಂತ ಇಟ್ಟುಕೊಳ್ಳೋಣ. ಇಲ್ಲಿಂದ ಮುಂದಿನ ಅಂಕಿಗಳು ಲೆಕ್ಕ ತಿಳಿಯಲಿ ಅಂತ ಹಾಕಿಕೊಂಡವು. ತೆರಿಗೆ ದರ ಮಾತ್ರ ನಿಜವಾದದ್ದು.

ಬ್ರಿಟನ್ನಿನಲ್ಲಿ 2011ರಿಂದ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಶೇ. 20. ಅದು ಬೆಲೆಯ ಒಳಗೇ ಸೇರಿರುತ್ತದೆ. 40 ಪೌಂಡಿನಲ್ಲಿ 6 ಪೌಂಡ್ 67 ಪೆನ್ಸ್ ಸರ್ಕಾರಕ್ಕೆ ಹೋಯಿತು. ಉಳಿದದ್ದು 33 ಪೌಂಡ್ 33 ಪೆನ್ಸ್. ಅಂಗಡಿಯವರು ಆ ಆಟವನ್ನು ಪಬ್ಲಿಷರ್‌ನಿಂದ 27 ಪೌಂಡಿಗೆ ತಂದಿದ್ದರೆ ಕೈಗೆ ಉಳಿಯುವುದು 6 ಪೌಂಡ್ 33 ಪೆನ್ಸ್. ಬಾಡಿಗೆ, ಸಂಬಳ, ಕರೆಂಟು ಎಲ್ಲ ಇದರಲ್ಲೇ ಆಗಬೇಕು. ಕನ್ಸೋಲ್ ಯಂತ್ರ ಮಾರಿದರೆ ಸಿಗುವ ಪಾಲು ಇನ್ನೂ ಕಡಿಮೆ.

ಅಮೆರಿಕದ ದೊಡ್ಡ ಸರಣಿ ಗೇಮ್‌ಸ್ಟಾಪ್ ಷೇರುಪೇಟೆಯಲ್ಲಿರುವ ಕಂಪನಿ, ಹಾಗಾಗಿ ಅದರ ಲೆಕ್ಕ ಎಲ್ಲರಿಗೂ ಕಾಣುತ್ತದೆ. 2010ರ ದಶಕದ ಆರಂಭದ ಅದರ ವಾರ್ಷಿಕ ವರದಿಗಳ ಪ್ರಕಾರ 100 ಡಾಲರ್‌ನ ಹೊಸ ಆಟ ಮಾರಿದರೆ ಖರೀದಿ ಖರ್ಚು ಕಳೆದು ಸುಮಾರು 20 ಡಾಲರ್ ಉಳಿಯುತ್ತಿತ್ತು. ಯಂತ್ರ ಮಾರಿದರೆ 10 ಡಾಲರ್‌ಗಿಂತ ಕಡಿಮೆ. ಹಳೇ ಆಟ, ಹಳೇ ಯಂತ್ರ ಮಾರಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ.

ಇಡೀ ಕಥೆಯ ಬೀಜ ಆ ಕೊನೆಯ ಅಂಕಿಯಲ್ಲಿದೆ.

ಡ್ರಾಯರಿನ ಒಳಗಿನ ವ್ಯಾಪಾರ

ಅಂಗಡಿಯ ಒಳಗೆ ಹೋಗೋಣ. ಕಪಾಟಿನ ತುಂಬ ಪ್ಲಾಸ್ಟಿಕ್ ಡಬ್ಬಿಗಳು. ಒಂದನ್ನು ಕೈಗೆತ್ತಿಕೊಂಡರೆ ತೀರಾ ಹಗುರ. ಒಳಗೆ ಡಿಸ್ಕ್ ಇಲ್ಲ. ಕಳ್ಳತನ ಆಗದಿರಲಿ ಅಂತ ಡಿಸ್ಕುಗಳನ್ನೆಲ್ಲ ತೆಗೆದು, ತೆಳು ಲಕೋಟೆಗಳಲ್ಲಿ ಹಾಕಿ, ಕೌಂಟರಿನ ಹಿಂದಿನ ಡ್ರಾಯರಿನಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಖಾಲಿ ಡಬ್ಬಿಯನ್ನು ಕೌಂಟರಿಗೆ ತಂದುಕೊಟ್ಟರೆ ಹುಡುಗ ಡ್ರಾಯರ್ ಎಳೆದು, ಲಕೋಟೆಗಳ ಅಂಚಿನ ಮೇಲೆ ಬೆರಳು ಓಡಿಸಿ, ಸರಿಯಾದ್ದನ್ನು ಹುಡುಕಿ ಡಬ್ಬಿಯೊಳಗೆ ಟಕ್ ಅಂತ ಕೂರಿಸಿ ಕೊಡುತ್ತಾನೆ.

ಅದೇ ಕೌಂಟರಿಗೆ ಇನ್ನೊಬ್ಬ ಹುಡುಗಿ ಆಡಿ ಮುಗಿಸಿದ ಆಟ ತಂದಿದ್ದಾಳೆ. ಹುಡುಗ ಡಿಸ್ಕನ್ನು ಅಂಚು ಹಿಡಿದು ಮೇಲೆತ್ತಿ, ದೀಪಕ್ಕೆ ಓರೆಯಾಗಿ ಹಿಡಿದು, ನಿಧಾನವಾಗಿ ತಿರುಗಿಸುತ್ತಾನೆ. ಗೀರು ಇದ್ದರೆ ಬೆಳಕು ಅಲ್ಲಿ ಮುರಿಯುತ್ತದೆ. ಗೀರಿಲ್ಲ. ಕಂಪ್ಯೂಟರ್ ನೋಡಿ ಬೆಲೆ ಹೇಳುತ್ತಾನೆ: ನಗದು ಬೇಕಾದರೆ ಇಷ್ಟು, ಇಲ್ಲೇ ಬೇರೆ ಆಟ ಕೊಳ್ಳುವುದಾದರೆ ಸ್ವಲ್ಪ ಜಾಸ್ತಿ. ಇದಕ್ಕೆ ‘ಟ್ರೇಡ್-ಇನ್’ ಅನ್ನುತ್ತಾರೆ. ಹಳೇದನ್ನು ಕೊಟ್ಟು ಆ ಬೆಲೆಯನ್ನು ಹೊಸದರ ಲೆಕ್ಕಕ್ಕೆ ಹಾಕಿಸಿಕೊಳ್ಳುವುದು.

ನಮ್ಮ 40 ಪೌಂಡಿನ ಆಟವನ್ನೇ ಹಿಂಬಾಲಿಸೋಣ. ಹುಡುಗಿ ಅದನ್ನು 18 ಪೌಂಡಿಗೆ ಕೊಟ್ಟಳು. ಅಂಗಡಿ ಅದನ್ನು 30 ಪೌಂಡಿಗೆ ಮಾರಿತು. ವ್ಯತ್ಯಾಸ 12 ಪೌಂಡ್. ಹಳೇ ಸಾಮಾನಿನ ಮೇಲೆ ಪೂರ್ತಿ ಬೆಲೆಗಲ್ಲ, ವ್ಯತ್ಯಾಸಕ್ಕೆ ಮಾತ್ರ ವ್ಯಾಟ್ ಕಟ್ಟುವ ಅವಕಾಶ ಬ್ರಿಟನ್ನಿನಲ್ಲಿದೆ. 12ರಲ್ಲಿ 2 ಪೌಂಡ್ ತೆರಿಗೆ, 10 ಪೌಂಡ್ ಅಂಗಡಿಗೆ. ಎರಡು ತಿಂಗಳ ಮೇಲೆ ಅದೇ ಡಿಸ್ಕ್ ಮತ್ತೆ ಬಂತು. ಈ ಸಲ 10ಕ್ಕೆ ಕೊಂಡು 18ಕ್ಕೆ ಮಾರಿದರು. ತೆರಿಗೆ ಕಳೆದು 6 ಪೌಂಡ್ 67 ಪೆನ್ಸ್. ಅಲ್ಲಿಗೆ ಒಂದೇ ಡಿಸ್ಕಿನಿಂದ ಅಂಗಡಿಗೆ ಒಟ್ಟು 23 ಪೌಂಡ್ ಬಂತು, ಅದರಲ್ಲಿ ಹೊಸದಾಗಿ ಮಾರಿದಾಗ ಸಿಕ್ಕಿದ್ದು ಆರು ಚಿಲ್ಲರೆ ಮಾತ್ರ.

ಹುಡುಗಿಗೂ ಇದರಲ್ಲಿ ನಷ್ಟವಿಲ್ಲ. 40 ಕೊಟ್ಟಳು, 18 ವಾಪಸ್ ಪಡೆದಳು, ಆಟ ಆಡಿದ ಖರ್ಚು 22. ಆ 18 ಮುಂದಿನ ಹೊಸ ಆಟಕ್ಕೆ ಹೋಗುತ್ತದೆ. ಕ್ರೆಡಿಟ್ ಕಾರ್ಡ್ ಇಲ್ಲದ, ಪಾಕೆಟ್ ಮನಿ ಕೂಡಿಡುವ ಮಕ್ಕಳಿಗೆ ಈ ಡ್ರಾಯರೇ ಬ್ಯಾಂಕು.

ಇದರಲ್ಲಿ ಒಂದು ಬಿಡಿಗಾಸೂ ಕಾಣದವರು ಒಬ್ಬರಿದ್ದರು: ಪಬ್ಲಿಷರ್. ಮೊದಲ ಮಾರಾಟದಲ್ಲಿ ಅವರ ಪಾಲು ಬಂತು. ಎರಡನೇ, ಮೂರನೇ ಮಾರಾಟದಲ್ಲಿ ಏನೂ ಇಲ್ಲ.

ಪಕ್ಕದ ಬೀದಿಯಿಂದ, ಸಮುದ್ರದ ಆಚೆಯಿಂದ

ಡೌನ್‌ಲೋಡ್‌ಗಿಂತ ಮೊದಲೇ ಅಂಗಡಿಗಳಿಗೆ ಎರಡು ಕಡೆಯಿಂದ ಪೈಪೋಟಿ ಇತ್ತು. ಟೆಸ್ಕೊ, ಆಸ್ಡಾದಂಥ ಸೂಪರ್‌ಮಾರ್ಕೆಟ್‌ಗಳು ದೊಡ್ಡ ಆಟ ಬಂದ ವಾರ ಅದನ್ನು ಅಸಲಿಗೋ ಅದಕ್ಕೂ ಕಡಿಮೆಗೋ ಮಾರುತ್ತಿದ್ದವು. ಆಟಕ್ಕಾಗಿ ಬಂದವರು ವಾರದ ದಿನಸಿಯನ್ನೂ ಅಲ್ಲೇ ಕೊಳ್ಳುತ್ತಾರೆ ಅನ್ನುವ ಲೆಕ್ಕ. ಗೇಮ್ ಅಂಗಡಿಯಲ್ಲಿ ದಿನಸಿ ಇಲ್ಲವಲ್ಲ.

ಇನ್ನೊಂದು ಪೈಪೋಟಿ ಬಂದದ್ದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರದಲ್ಲಿರುವ ಜೆರ್ಸಿಯಂಥ ಚಾನೆಲ್ ದ್ವೀಪಗಳಿಂದ. ಅವು ಯುರೋಪಿನ ವ್ಯಾಟ್ ವಲಯದ ಹೊರಗಿದ್ದವು. ಹೊರಗಿನಿಂದ ಬರುವ 18 ಪೌಂಡಿಗಿಂತ ಕಡಿಮೆ ಬೆಲೆಯ ಪಾರ್ಸೆಲ್‌ಗೆ ತೆರಿಗೆ ಇರಲಿಲ್ಲ. ಸಣ್ಣಪುಟ್ಟ ಪಾರ್ಸೆಲ್ ಎಣಿಸುವ ತೊಂದರೆ ತಪ್ಪಲಿ ಅಂತ ಮಾಡಿದ ನಿಯಮ ಅದು. ಆನ್‌ಲೈನ್ ಕಂಪನಿಗಳು ಅದನ್ನೇ ಹಿಡಿದು, ಅಗ್ಗದ ಆಟ, ಸಿಡಿ, ಡಿವಿಡಿಗಳನ್ನು ಅಲ್ಲಿಂದಲೇ ಕಳಿಸಿದವು. ಪ್ಲೇ ಡಾಟ್ ಕಾಮ್ ಬೆಳೆದದ್ದೇ ಜೆರ್ಸಿಯಲ್ಲಿ. ಹೊಸ 40 ಪೌಂಡಿನ ಆಟಕ್ಕೆ ಇದು ಅನ್ವಯಿಸುತ್ತಿರಲಿಲ್ಲ, ನಿಜ. ಆದರೆ ಹಳೆಯ, ಬೆಲೆ ಇಳಿದ ಆಟಗಳಲ್ಲಿ ಬೀದಿಯ ಅಂಗಡಿ ತೆರಿಗೆ ಕಟ್ಟಿ ಮಾರುತ್ತಿತ್ತು, ಅವರು ಕಟ್ಟದೆ ಮಾರುತ್ತಿದ್ದರು. ಸರ್ಕಾರ ಮಿತಿಯನ್ನು 2011ರಲ್ಲಿ 15 ಪೌಂಡಿಗೆ ಇಳಿಸಿತು. 2012ರ ಏಪ್ರಿಲ್‌ನಲ್ಲಿ ಚಾನೆಲ್ ದ್ವೀಪಗಳಿಗೆ ಈ ರಿಯಾಯಿತಿಯನ್ನೇ ತೆಗೆದುಹಾಕಿತು. ಅಷ್ಟರಲ್ಲಿ ತಡವಾಗಿತ್ತು.

ಬೇರೆ ಅಂಗಡಿಗಳೂ ಬಿದ್ದವು. ಆಟಗಳನ್ನೂ ಮಾರುತ್ತಿದ್ದ ವುಲ್‌ವರ್ತ್ಸ್ 2008ರ ಕೊನೆಗೆ ಮುಳುಗಿ, 2009ರ ಜನವರಿ ಮೊದಲ ವಾರದೊಳಗೆ ತನ್ನ 800ಕ್ಕೂ ಹೆಚ್ಚು ಮಳಿಗೆಗಳನ್ನು ಮುಚ್ಚಿತು. ಅದರ ಸಗಟು ವಿಭಾಗದಿಂದ ಸರಕು ತರುತ್ತಿದ್ದ ಜಾವಿ ಅನ್ನುವ ಸರಣಿಯೂ ಅದರ ಹಿಂದೆಯೇ ಹೋಯಿತು.

2012ರ ಮಾರ್ಚ್

ಒಂದು ಅಂಗಡಿ ಮುಳುಗುವುದು ಗಿರಾಕಿ ಬಾರದೆ ಇದ್ದಾಗ ಅಂತ ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಎಷ್ಟೋ ಸಲ ಅದು ಮುಳುಗುವುದು ಸಾಲದ ಮೇಲೆ ಸರಕು ಸಿಗದೆ ಹೋದಾಗ. ‘ಗೇಮ್’ ಬಿದ್ದ ರೀತಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಪಬ್ಲಿಷರ್ ಸರಕು ಮೊದಲು ಕಳಿಸುತ್ತಾರೆ, ಅಂಗಡಿ ದುಡ್ಡು ಆಮೇಲೆ ಕೊಡುತ್ತದೆ. ಅಂಗಡಿ ಮುಳುಗಿದರೆ ಆ ದುಡ್ಡು ಹೋಯಿತು. ಅದಕ್ಕೇ ಪಬ್ಲಿಷರ್‌ಗಳು ಒಂದು ವಿಮೆ ಮಾಡಿಸುತ್ತಾರೆ. ವಿಮೆ ಕಂಪನಿ ‘ಈ ಅಂಗಡಿಗೆ ಇನ್ನು ನಾವು ಹೊಣೆ ಇಲ್ಲ’ ಅಂದ ದಿನ ಪಬ್ಲಿಷರ್‌ಗಳು ಮುಂಗಡ ದುಡ್ಡು ಕೇಳಲು ಶುರು ಮಾಡುತ್ತಾರೆ. ಅಂಗಡಿಯ ಹತ್ತಿರ ದುಡ್ಡು ಇರುವುದಿಲ್ಲ, ಯಾಕೆಂದರೆ ಸರಕು ಮಾರಿದ ಮೇಲೆ ತಾನೇ ದುಡ್ಡು ಬರುವುದು. 2012ರ ಆರಂಭದಲ್ಲಿ ಇದೇ ಆಯಿತು. ಎಲೆಕ್ಟ್ರಾನಿಕ್ ಆರ್ಟ್ಸ್, ನಿಂಟೆಂಡೊದಂಥ ಕಂಪನಿಗಳ ಹೊಸ ಆಟಗಳು ‘ಗೇಮ್’ ಕಪಾಟಿಗೆ ಬರಲಿಲ್ಲ. ಆ ಮಾರ್ಚ್‌ನ ಅತಿ ದೊಡ್ಡ ಆಟಗಳಲ್ಲೊಂದಾದ ಮಾಸ್ ಎಫೆಕ್ಟ್ 3 ಬೀದಿಯ ಅತಿ ದೊಡ್ಡ ಗೇಮ್ ಸರಣಿಯಲ್ಲೇ ಸಿಗಲಿಲ್ಲ. ಮುಂಚೆಯೇ ಬುಕ್ ಮಾಡಿದವರಿಗೆ ದುಡ್ಡು ವಾಪಸ್ ಕೊಡಬೇಕಾಯಿತು.

ಇದರ ಜೊತೆಗೆ ಬಾಡಿಗೆ, ಅದೂ ಬಹಳ ಕಡೆ ಒಂದೇ ಬೀದಿಯಲ್ಲಿ ಎರಡು ಅಂಗಡಿಗೆ. ಇಂಗ್ಲೆಂಡಿನಲ್ಲಿ ಅಂಗಡಿ ಬಾಡಿಗೆಯನ್ನು ಹಳೇ ಪದ್ಧತಿಯ ಪ್ರಕಾರ ವರ್ಷಕ್ಕೆ ನಾಲ್ಕು ಸಲ, ಮೂರು ತಿಂಗಳದ್ದನ್ನು ಒಟ್ಟಿಗೆ, ಮುಂಗಡವಾಗಿ ಕಟ್ಟುತ್ತಾರೆ: ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಕಷ್ಟದಲ್ಲಿರುವ ಅಂಗಡಿಗಳು ಈ ದಿನಾಂಕಗಳ ಆಸುಪಾಸಿನಲ್ಲೇ ಬೀಳುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ‘ಗೇಮ್’ 2012ರ ಮಾರ್ಚ್ 26ರಂದು ‘ಅಡ್ಮಿನಿಸ್ಟ್ರೇಷನ್’ಗೆ ಹೋಯಿತು. ಅಂದರೆ ಸಾಲ ತೀರಿಸಲಾಗದ ಕಂಪನಿಯ ಚುಕ್ಕಾಣಿಯನ್ನು ಕಾನೂನಿನ ಪ್ರಕಾರ ಹೊರಗಿನ ತಜ್ಞರು ಹಿಡಿಯುವುದು. ಉಳಿಸಬಹುದಾದ್ದನ್ನು ಉಳಿಸಿ, ಉಳಿದದ್ದನ್ನು ಮಾರುವುದು ಅವರ ಕೆಲಸ.

ಅಂದು ‘ಗೇಮ್’ ಹತ್ತಿರ 600ಕ್ಕೂ ಹೆಚ್ಚು ಅಂಗಡಿಗಳಿದ್ದವು. ಒಂದೇ ದಿನದಲ್ಲಿ 277 ಮುಚ್ಚಿದವು. 2,104 ಜನರ ಕೆಲಸ ಹೋಯಿತು. ಬೆಳಗ್ಗೆ ಎಂದಿನಂತೆ ಅಂಗಡಿ ತೆರೆದವರು ಅದೇ ದಿನ ಬಾಗಿಲು ಹಾಕಿ ಮನೆಗೆ ಹೋದರು. ಕೆಲವೇ ದಿನಗಳಲ್ಲಿ ಆಪ್‌ಕ್ಯಾಪಿಟಾ ಅನ್ನುವ ಹೂಡಿಕೆ ಸಂಸ್ಥೆ ಉಳಿದ 333 ಅಂಗಡಿಗಳನ್ನು ಕೊಂಡಿತು. ಗೇಮ್‌ಸ್ಟೇಷನ್ ಹೆಸರು ಅದೇ ವರ್ಷ ಬೀದಿಯಿಂದ ಮಾಯವಾಯಿತು.

ಬಾಡಿಗೆಯ ಮೇಲೆ ಇನ್ನೊಂದು ಹೊರೆ ‘ಬಿಸಿನೆಸ್ ರೇಟ್ಸ್’. ಅಂಗಡಿ ಜಾಗಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಬಾಡಿಗೆ ಬರಬಹುದು ಅಂತ ಅಂದಾಜು ಮಾಡಿ, ಅದರ ಒಂದು ಪಾಲನ್ನು ತೆರಿಗೆಯಾಗಿ ಕೇಳುತ್ತಾರೆ; ಎಷ್ಟೋ ವರ್ಷ ಅದು ಸುಮಾರು ಅರ್ಧದಷ್ಟಿತ್ತು. ವ್ಯಾಪಾರ ಆದರೂ ಕಟ್ಟಬೇಕು, ಆಗದಿದ್ದರೂ ಕಟ್ಟಬೇಕು. ಇತ್ತೀಚಿನ ವರ್ಷಗಳಲ್ಲಿ ಅಂಗಡಿಗಳಿಗೆ ರಿಯಾಯಿತಿ ಕೊಟ್ಟರು. ಆದರೆ ಒಂದು ಕಂಪನಿಗೆ ವರ್ಷಕ್ಕೆ ಒಟ್ಟು 1,10,000 ಪೌಂಡ್ ಮಿತಿ ಇತ್ತು. ಒಂದೇ ಅಂಗಡಿ ಇದ್ದವರಿಗೆ ಅದು ದೊಡ್ಡ ಆಸರೆ, ನೂರಾರು ಅಂಗಡಿ ಇದ್ದ ಸರಣಿಗೆ ಏನೂ ಸಾಲುತ್ತಿರಲಿಲ್ಲ.

ಡಿಸ್ಕ್ ನಿಮ್ಮದು, ಡೌನ್‌ಲೋಡ್ ನಿಮ್ಮ ಹೆಸರಿನದು

ಈಗ ಡೌನ್‌ಲೋಡ್‌ಗೆ ಬರೋಣ. ಕೊಳ್ಳುವ ಜಾಗ ಅಂಗಡಿಯಿಂದ ಇಂಟರ್ನೆಟ್‌ಗೆ ಹೋಯಿತು ಅನ್ನುವಷ್ಟೇ ಆಗಿದ್ದರೆ ಗೇಮ್ ಅಂಗಡಿ ಹೇಗೋ ಬದುಕುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಆದರೆ ಜಾಗದ ಜೊತೆಗೆ ಕೊಳ್ಳುವ ವಸ್ತುವೇ ಬದಲಾಯಿತು.

ಡಿಸ್ಕ್ ಪುಸ್ತಕದ ಹಾಗೆ. ಒಳಗಿನ ಕಥೆ ಬರೆದವರದ್ದು, ಆದರೆ ಆ ಪ್ರತಿ ನಿಮ್ಮದು. ತಮ್ಮನಿಗೆ ಕೊಡಬಹುದು, ಮಾರಬಹುದು. ಡೌನ್‌ಲೋಡ್ ಮಾಡಿದ ಆಟ ಬಸ್ ಪಾಸಿನ ಹಾಗೆ. ಅದರ ಮೇಲೆ ನಿಮ್ಮ ಹೆಸರು, ನಿಮ್ಮ ಫೋಟೊ. ಉಪಯೋಗಿಸಬಹುದು, ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ. ಕಂಪನಿಗಳು ಇದನ್ನು ‘ಲೈಸೆನ್ಸ್’ ಅನ್ನುತ್ತವೆ, ಅಂದರೆ ಆಡಲು ಅನುಮತಿ. ಅದು ನಿಮ್ಮ ಖಾತೆಗೆ ಅಂಟಿಕೊಂಡಿರುತ್ತದೆ.

ಇದರ ಪರಿಣಾಮ ಡ್ರಾಯರಿನ ಮೇಲೆ ಏನಾಯಿತು ನೋಡಿ. ಆಟ ಡೌನ್‌ಲೋಡ್ ಆದಾಗಲೆಲ್ಲ ಅಂಗಡಿ ಒಂದು ಹೊಸ ಮಾರಾಟವನ್ನು ಮಾತ್ರ ಕಳೆದುಕೊಳ್ಳಲಿಲ್ಲ, ಅದರ ಹಿಂದೆ ಬರಬೇಕಿದ್ದ ಎರಡು ಹಳೇ ಮಾರಾಟಗಳನ್ನೂ ಕಳೆದುಕೊಂಡಿತು. ನಮ್ಮ ಲೆಕ್ಕದಲ್ಲಿ ಹೋದದ್ದು 6 ಪೌಂಡ್ ಅಲ್ಲ, 23 ಪೌಂಡ್.

ಪಬ್ಲಿಷರ್‌ಗಳಿಗೆ ಇದು ಗೊತ್ತಿರಲಿಲ್ಲ ಅಂತೇನಿಲ್ಲ. 2010ರಲ್ಲೇ ಎಲೆಕ್ಟ್ರಾನಿಕ್ ಆರ್ಟ್ಸ್ ತನ್ನ ಕ್ರೀಡಾ ಆಟಗಳಲ್ಲಿ ಒಂದು ಸಲ ಮಾತ್ರ ನಡೆಯುವ ಕೋಡ್ ಇಟ್ಟಿತು. ಹಳೇ ಡಿಸ್ಕ್ ಕೊಂಡವರು ಆನ್‌ಲೈನ್‌ನಲ್ಲಿ ಆಡಬೇಕಾದರೆ ಬೇರೆ ಕೋಡ್‌ಗೆ 10 ಡಾಲರ್ ಕೊಡಬೇಕಿತ್ತು. ಆಟಗಾರರು ಸಿಟ್ಟಾದರು. 2013ರಲ್ಲಿ ಕಂಪನಿ ಆ ಕ್ರಮ ಬಿಟ್ಟಿತು.

ಅದೇ 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಅನ್ನು ಪರಿಚಯಿಸಿದಾಗ ಡಿಸ್ಕ್ ಕೈಬದಲಿಸುವುದಕ್ಕೂ ಷರತ್ತು ಹಾಕಲು ಹೊರಟಿತು. ಸೋನಿ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಹಾಕಿತು: ಪ್ಲೇಸ್ಟೇಷನ್ 4ರಲ್ಲಿ ಆಟ ಹಂಚಿಕೊಳ್ಳುವುದು ಹೇಗೆ? ಒಬ್ಬರು ಆಟದ ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಅವರು ಥ್ಯಾಂಕ್ಸ್ ಅಂದರು. ಮುಗಿಯಿತು. ಮೈಕ್ರೋಸಾಫ್ಟ್ ಆ ವರ್ಷದ ಜೂನ್‌ನಲ್ಲೇ ಹಿಂದೆ ಸರಿಯಿತು. ಡಿಸ್ಕ್ ಗೆದ್ದಂತೆ ಕಂಡಿತು.

ನಿಷೇಧದಿಂದ ಆಗದ್ದು ಅನುಕೂಲದಿಂದ ಆಯಿತು. ಇಂಟರ್ನೆಟ್ ವೇಗ ಹೆಚ್ಚಿತು. ಮಳೆಯಲ್ಲಿ ನೆನೆದು ಅಂಗಡಿಗೆ ಹೋಗುವುದು ಬೇಡ, ಡಿಸ್ಕ್ ಬದಲಿಸಲು ಏಳುವುದು ಬೇಡ. ವರ್ಷಕ್ಕೆ ಎಷ್ಟೋ ಸಲ ರಿಯಾಯಿತಿ ಮಾರಾಟ. 2017ರಲ್ಲಿ ತಿಂಗಳ ಚಂದಾ ಕಟ್ಟಿ ನೂರಾರು ಆಟ ಆಡುವ ಎಕ್ಸ್‌ಬಾಕ್ಸ್ ಗೇಮ್ ಪಾಸ್ ಬಂತು. 2020ರಲ್ಲಿ ಪ್ಲೇಸ್ಟೇಷನ್ 5 ಎರಡು ರೂಪದಲ್ಲಿ ಬಂತು, ಒಂದರಲ್ಲಿ ಡಿಸ್ಕ್ ಹಾಕಲು ಸೀಳೇ ಇರಲಿಲ್ಲ. ಅಗ್ಗದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲೂ ಇರಲಿಲ್ಲ. ಅಂಥ ಯಂತ್ರ ಕೊಂಡ ಮನೆ ಟ್ರೇಡ್-ಇನ್ ಕೌಂಟರಿಗೆ ಮತ್ತೆ ಬರುವುದಿಲ್ಲ.

ಬ್ರಿಟನ್ನಿನ ಮನರಂಜನಾ ವ್ಯಾಪಾರಿಗಳ ಸಂಘದ ಲೆಕ್ಕದಲ್ಲಿ 2018ರ ಹೊತ್ತಿಗೆ ಆಟಗಳ ಮೇಲಿನ ಖರ್ಚಿನಲ್ಲಿ ಸುಮಾರು ಶೇ. 80 ಡಿಜಿಟಲ್ ಆಗಿತ್ತು, 2022ರಲ್ಲಿ ಶೇ. 90ರ ಹತ್ತಿರ. ಈ ಅಂಕಿಯನ್ನು ಸ್ವಲ್ಪ ಹುಷಾರಾಗಿ ಓದಬೇಕು. ಚಂದಾ, ಫೋನಿನ ಆಟ, ಆಟದ ಒಳಗೆ ಕೊಳ್ಳುವ ಬಟ್ಟೆಬರೆ, ನಾಣ್ಯ ಎಲ್ಲ ಇದರಲ್ಲಿ ಸೇರಿದೆ. ಹಾಗಾಗಿ 100ರಲ್ಲಿ 90 ಜನ ಡಿಸ್ಕ್ ಬಿಟ್ಟರು ಅಂತ ಅರ್ಥ ಅಲ್ಲ. ಆದರೆ ಅಂಗಡಿಯ ಕಡೆಯಿಂದ ನೋಡಿದರೆ ಅರ್ಥ ಸರಳ: ಆಟದ ಮೇಲಿನ ಖರ್ಚು ಬೆಳೆಯಿತು, ಅದು ಅಂಗಡಿಯ ಬಾಗಿಲಿನ ಮುಂದಿನಿಂದಲೇ ಹಾದುಹೋಯಿತು.

ಕೌಂಟರ್ ಮುಚ್ಚಿದ ದಿನ

‘ಗೇಮ್’ ಸುಮ್ಮನೆ ಕೂರಲಿಲ್ಲ. 2016ರಲ್ಲಿ ಅಂಗಡಿಯೊಳಗೇ ಗಂಟೆಗಿಷ್ಟು ಅಂತ ಕೊಟ್ಟು ಆಡುವ ‘ಬಿಲಾಂಗ್’ ಅನ್ನುವ ಜಾಗಗಳನ್ನು ಶುರು ಮಾಡಿತು. 2019ರಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಗುಂಪು ಸುಮಾರು 52 ಮಿಲಿಯನ್ ಪೌಂಡಿಗೆ ಕಂಪನಿಯನ್ನು ಕೊಂಡಿತು. ಆ ಗುಂಪಿಗೆ ಈಗ ಫ್ರೇಸರ್ಸ್ ಅಂತ ಹೆಸರು. ಬೀದಿಯ ಅಂಗಡಿಗಳು ಮುಚ್ಚುತ್ತಾ, ಅವು ಅದೇ ಗುಂಪಿನ ಕ್ರೀಡಾ ಮಳಿಗೆಗಳ ಒಳಗೆ ಸೇರಿಕೊಂಡವು. ಆರಂಭದಲ್ಲಿ ಹೇಳಿದ ಮೂಲೆಯ ಕಪಾಟುಗಳು ಇವೇ.

2024ರ ಫೆಬ್ರವರಿಯಲ್ಲಿ ‘ಗೇಮ್’ ಟ್ರೇಡ್-ಇನ್ ಅನ್ನೇ ನಿಲ್ಲಿಸಿತು. ಗಿರಾಕಿಗಳ ಪಾಯಿಂಟ್ ಕಾರ್ಡ್ ಯೋಜನೆಯೂ ಅದೇ ವರ್ಷ ಮುಗಿಯಿತು. ಡಿಸ್ಕ್ ವಾಪಸ್ ಬರುವ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಆಟಿಕೆ, ಟಿ-ಶರ್ಟ್, ಗಿಫ್ಟ್ ಕಾರ್ಡ್ ಜಾಸ್ತಿ ಇರುವ, ಆಟವೂ ಸಿಗುವ ಕಪಾಟು.

ಹಳೇ ವ್ಯಾಪಾರವನ್ನೇ ಹಿಡಿದುಕೊಂಡವರು ಬದುಕಿದ್ದಾರೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಸಿಇಎಕ್ಸ್ (CeX) ಅನ್ನುವ ಸರಣಿ 1992ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಅದು ಕೊಳ್ಳುವುದೂ ಮಾರುವುದೂ ಹಳೇ ಸಾಮಾನೇ. ಆಟದ ಜೊತೆಗೆ ಫೋನ್, ಲ್ಯಾಪ್‌ಟಾಪ್ ಕೂಡ ತೆಗೆದುಕೊಳ್ಳುವುದರಿಂದ ಡಿಸ್ಕ್ ಕಡಿಮೆಯಾದರೂ ಅದರ ಡ್ರಾಯರ್ ಖಾಲಿಯಾಗುವುದಿಲ್ಲ. ಹಾಡು, ಸಿನಿಮಾ ಡಿಸ್ಕ್ ಮಾರುವ, ಎರಡು ಸಲ ಬಿದ್ದ ಎಚ್‌ಎಂವಿ ಸರಣಿಯನ್ನು 2019ರಲ್ಲಿ ಹೊಸ ಮಾಲೀಕರು ಕೊಂಡರು. ಗ್ರಾಮಫೋನ್ ತಟ್ಟೆ, ಪೋಸ್ಟರ್, ಗೊಂಬೆಗಳನ್ನು ಮುಂದಿಟ್ಟು 2023ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ಗೆ ಮರಳಿದರು. ಇನ್ನು ಹಳೇ ಕಾಲದ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪ್ಲಾಸ್ಟಿಕ್ ಬಿಲ್ಲೆ, ಮಾರುವ ಸಣ್ಣ ಸ್ವಂತ ಅಂಗಡಿಗಳಿವೆ. ಮೂವತ್ತು ವರ್ಷದ ಹಿಂದಿನ ಆಟವನ್ನು ಯಾರೂ ಹೊಸದಾಗಿ ಅಚ್ಚು ಹಾಕುವುದಿಲ್ಲ, ಅದೇ ಅವರ ಬಂಡವಾಳ.

ಅಂಗಡಿಯ ಜೊತೆ ಹೋಗುವುದೇನು?

ಮೊಮ್ಮಗನ ಹುಟ್ಟುಹಬ್ಬಕ್ಕೆ ಚೀಟಿಯಲ್ಲಿ ಆಟದ ಹೆಸರು ಬರೆದುಕೊಂಡು ಬರುವ ಅಜ್ಜಿಗೆ ಆ ಕೌಂಟರ್ ಬೇಕಿತ್ತು. ‘ಪ್ಲೇಸ್ಟೇಷನ್ ನಾಲ್ಕೋ ಐದೋ?’ ಅಂತ ಕೇಳಿ, ‘ಹುಡುಗನಿಗೆ ಎಷ್ಟು ವರ್ಷ?’ ಅಂತಲೂ ಕೇಳುವ ಒಬ್ಬರು ಅಲ್ಲಿರುತ್ತಿದ್ದರು. ಈ ಎರಡನೇ ಪ್ರಶ್ನೆ ಬರೀ ಕಾಳಜಿಯದ್ದಲ್ಲ. 2012ರ ಜುಲೈ 30ರಿಂದ ಬ್ರಿಟನ್ನಿನಲ್ಲಿ ಡಬ್ಬಿಯ ಮೇಲಿನ 12, 16, 18 ಅನ್ನುವ ‘ಪೆಗಿ’ ಗುರುತಿಗೆ ಕಾನೂನಿನ ಬಲವಿದೆ. ಆ ವಯಸ್ಸಿಗಿಂತ ಚಿಕ್ಕವರಿಗೆ ಮಾರುವುದು ಅಪರಾಧ. ಡೌನ್‌ಲೋಡ್‌ನಲ್ಲಿ ಆ ಕೆಲಸ ಮನೆಯವರ ಮೇಲೆ ಬೀಳುತ್ತದೆ. ಯಂತ್ರದ ಸೆಟ್ಟಿಂಗ್‌ನಲ್ಲಿ ಪೋಷಕರ ನಿಯಂತ್ರಣ ಹಾಕಬೇಕು, ಅದು ಎಲ್ಲಿದೆ ಅಂತ ಗೊತ್ತಿರಬೇಕು.

ಇನ್ನೊಂದು ಪ್ರಶ್ನೆ, ನನಗೆ ದೊಡ್ಡದು ಅನ್ನಿಸುವುದು: ಕೊಂಡದ್ದು ಎಷ್ಟು ದಿನ ಉಳಿಯುತ್ತದೆ? ಡಿಸ್ಕ್ ಇದ್ದರೆ ಸಾಕು ಅನ್ನುವ ಹಾಗೂ ಈಗಿಲ್ಲ. ಯೂಬಿಸಾಫ್ಟ್‌ನ ದಿ ಕ್ರೂ ಅನ್ನುವ ಕಾರ್ ರೇಸಿನ ಆಟ ಯಾವಾಗಲೂ ಸರ್ವರ್ ಜೊತೆ ಮಾತಾಡುತ್ತಲೇ ಇರಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಡಿಸ್ಕ್ ಕೈಯಲ್ಲಿದ್ದವರಿಗೂ ಆಡಲು ಆಗಲಿಲ್ಲ.

2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ಮಧ್ಯದ ದಾರಿಯೊಂದಿದೆ. ಕೆಲವು ಆಟಗಳ ಡಬ್ಬಿಯಲ್ಲಿ ‘ಗೇಮ್-ಕೀ ಕಾರ್ಡ್’ ಇರುತ್ತದೆ. ಕಾರ್ಡಿನೊಳಗೆ ಆಟ ಇಲ್ಲ, ಆಟದ ಬೀಗದ ಕೈ ಮಾತ್ರ ಇದೆ. ಯಂತ್ರಕ್ಕೆ ಹಾಕಿದರೆ ಆಟ ಇಂಟರ್ನೆಟ್‌ನಿಂದ ಇಳಿಯುತ್ತದೆ, ಆಡುವಾಗ ಕಾರ್ಡ್ ಒಳಗೇ ಇರಬೇಕು. ಡಬ್ಬಿಯ ಮುಂಭಾಗದಲ್ಲೇ ಅದನ್ನು ಬರೆದಿರುತ್ತಾರೆ, ಕೊಳ್ಳುವ ಮುಂಚೆ ಓದಿಕೊಳ್ಳಬಹುದು. ಈ ಕಾರ್ಡ್ ಯಾರ ಖಾತೆಗೂ ಅಂಟಿಕೊಂಡಿಲ್ಲ. ಆಡಿ ಮುಗಿದ ಮೇಲೆ ಮಾರಬಹುದು, ಕೊಂಡವರು ತಮ್ಮ ಯಂತ್ರಕ್ಕೆ ಹಾಕಿ ಮತ್ತೆ ಇಳಿಸಿಕೊಳ್ಳಬಹುದು, ನಿಂಟೆಂಡೊ ಆ ಸರ್ವರ್ ನಡೆಸುತ್ತಿರುವವರೆಗೆ.